ಹುಳದ ಮನೆಯ ಫ್ರೆಂಚು

"ಈಗೇನಂದ ಅಂತ ಏಳವ್ವ ನೋಡನ," ಎಂದಳು ಚೌಡೇಶ್ವರಿ, ರೇಷ್ಮೆಹುಳದ ತಟ್ಟೆಯ ಮೇಲೆ ಹಿಪ್ಪುನೇರಳೆ ಸೊಪ್ಪು ಹರಡುತ್ತ.

ಕಂಬಕ್ಕೆ ದಾರದಲ್ಲಿ ಕಟ್ಟಿದ್ದ ಮೊಬೈಲಿನಲ್ಲಿ ಸೈಕಲ್ಲುಗಳ ದೊಡ್ಡದೊಂದು ಹಿಂಡು ಬೆಟ್ಟ ಹತ್ತುತ್ತಿತ್ತು. ತಾಯಿ ಹನುಮಂತಮ್ಮ ಕಿವಿಗೊಟ್ಟು ಕೇಳಿದಳು. "ಎಶಾಪೇ ಅಂದ. ಯಾವನೋ ಗುಂಪು ಬುಟ್ಟು ಮುಂದಕ್ಕೆ ಓಡ್ದ."

"ಭಲೆ ಕಣವ್ವ!"

ಆ ಸೈಕಲ್ ರೇಸು ಪುಕ್ಕಟೆ ಸಿಗುವ ಪ್ರಸಾರದಲ್ಲಿ ಫ್ರೆಂಚ್ ಬಿಟ್ಟು ಬೇರೆ ಮಾತಿರಲಿಲ್ಲ. ಮಗಳೂ ರೇಸಿನ ಹುಡುಗಿ, ನೋಡದೆ ಇರಲಾರಳು. ಹುಳ ಹಸಿದರೆ ತಾಯಿ ಸುಮ್ಮನಿರಲಾರಳು. ಹಾಗಾಗಿ ಮಳೆಗಾಲದ ಸಂಜೆಗಳಲ್ಲಿ ಸೊಪ್ಪು ಹಾಕುತ್ತಲೇ ಇಬ್ಬರೂ ಒಂದೊಂದು ಪದ ಕಲಿತರು. ಮಗಳು ಅರ್ಥ ಹುಡುಕಿ ಹೇಳುವಳು, ತಾಯಿ ಅದನ್ನು ಕೆಲಸಕ್ಕೆ ಹಚ್ಚುವಳು. ಹಿಂಡಿಗೆ ಪೆಲೊತೋಂ, ಪಂಚರಿಗೆ ಕ್ರವೆಜೋಂ, ಬೆಟ್ಟ ಹತ್ತುವ ಗಟ್ಟಿಗನಿಗೆ ಗ್ರಾಂಪರ್. ಹಣ್ಣಾದ ಹುಳ ಗೂಡು ಕಟ್ಟಲು ಬಿದಿರಿನ ಚಂದ್ರಿಕೆ ಹತ್ತಿದರೆ ತಾಯಿ, "ಬಂದ್ರು ನೋಡೆ ನನ್ ಗ್ರಾಂಪರ್‌ಗಳು" ಎನ್ನುವಳು. ಒಮ್ಮೆ ಕುದೂರಿನ ಬಸ್ಸಿನ ಚಕ್ರ ಕೂತಾಗ ಅವಳು "ಕ್ರವೆಜೋಂ ಕಣ್ರಪ್ಪೋ" ಎಂದು ಕೂಗಿದ್ದಕ್ಕೆ ಕಂಡಕ್ಟರ್ ಅಂಕಯ್ಯ, "ಅದ್ಯಾವ ದೇವ್ರಮ್ಮೋ, ನಮ್ ಕಡೇದಲ್ಲ" ಎಂದಿದ್ದ.

ಅವತ್ತು ನಗುವಂಥ ದಿನವಲ್ಲ. ಹುಳಕ್ಕೆ ಹಾಲುತೊಂಡೆ ರೋಗ ಬಿದ್ದಿತ್ತು. ಊದಿಕೊಂಡ ಹುಳವನ್ನು ಮುಟ್ಟಿದರೆ ಸಾಕು, ಚರ್ಮ ಒಡೆದು ಬಿಳಿ ರಸ ಬೆರಳಿಗೆ ಮೆತ್ತಿಕೊಳ್ಳುತ್ತಿತ್ತು. ಹಿಕ್ಕೆಯ ಘಾಟಿನ ಜೊತೆ ಆ ನಾತವೂ ಸೇರಿ ಗಂಟಲಿಗೇ ಬಂದು ಕೂರುತ್ತಿತ್ತು. ಹನುಮಂತಮ್ಮ ಉಸಿರು ಕಟ್ಟಿ, ಕೆಟ್ಟ ಹುಳಗಳನ್ನು ಆರಿಸಿ ಸುಣ್ಣದ ನೀರಿನ ಬಕೀಟಿಗೆ ಹಾಕುತ್ತಿದ್ದಳು.

ಮೊಬೈಲಿನಲ್ಲಿ ಬೆಟ್ಟ ಮಾಯವಾಯಿತು. ತಲೆಯ ಮೇಲೆ ಟವೆಲ್ ಎಳೆದುಕೊಂಡ ಒಬ್ಬ ಸವಾರನನ್ನು ಪೊಲೀಸರು ತಂಡದ ಬಸ್ಸಿನಿಂದ ಇಳಿಸುತ್ತಿದ್ದರು. ಮಾತಾಡುವವನು ಒಂದೇ ಪದವನ್ನು ಮತ್ತೆ ಮತ್ತೆ ಹೇಳುತ್ತಿದ್ದ.

"ದೊಪಾಜ್, ದೊಪಾಜ್ ಅಂತಾನಲ್ಲ, ಇದ್ಯಾವುದೇ ಹೊಸಾದು?"

ಚೌಡೇಶ್ವರಿ ಅರ್ಥ ಹುಡುಕಲಿಲ್ಲ. ಬಾಗಿಲಾಚೆ ಹೋಗಿ ಕ್ಯಾಕರಿಸಿ ಉಗಿದು ಬಂದಳು. "ಮದ್ದು ತಗಂಡು ಸೈಕಲ್ ತುಳ್ಯೋದು. ಉಚ್ಚೆ ಟೆಸ್ಟ್ ಮಾಡಿ ಇಡ್ದವ್ರೆ. ಥೂ, ಕಳ್ ನನ್ಮಗ! ಇವುನ್ ಫೋಟೋ ನೋಡ್ಕಂಡು ದಿನಾ ಬೆಳ್ಗೆ ಏಳ್ತಿದ್ನಲ್ಲವ್ವ ನಾನು."

ಹನುಮಂತಮ್ಮನ ಕೈ ತಟ್ಟೆಯ ಮೇಲೆಯೇ ನಿಂತಿತು. "ಸೊಪ್ಪಿಗೆ ನಾವು ಟಾನಿಕ್ ಹೊಡೆಯಲ್ವಾ? ಹುಳ ಒಸಿ ಜಾಸ್ತಿ ಮೇಯ್ಲಿ, ಗೂಡು ತೂಕ ಬರ್ಲಿ ಅಂತವ. ಅಂಗೇ ಅಲ್ವೇನೆ ಅದೂವೆ?"

"ಹುಳಾನ ಕೊನೇಗೆ ಬೇಯ್ಸಾಕ್ತಾರೆ ಕಣವ್ವ. ನನ್ನೂ ಬೇಯ್ಸೀಯಾ?" ಮಗಳು ನಕ್ಕಳು.

ಹನುಮಂತಮ್ಮ ನಗಲಿಲ್ಲ. ಹೋದ ಅಮಾವಾಸ್ಯೆ ಕಳೆದ ಮೇಲೆ ಮಗಳ ಕೋಚ್ ದೊಡ್ಡಹನುಮಯ್ಯ ಮಾಗಡಿ ಬಸ್‌ಸ್ಟ್ಯಾಂಡಿನಲ್ಲಿ ಅವಳ ಕೈಗೊಂದು ಪುಡಿಯ ಪೊಟ್ಟಣ ಇಟ್ಟಿದ್ದ. "ಶಕ್ತಿ ಟಾನಿಕ್ಕು. ಬೆಳಿಗ್ಗೆ ಅಂಬ್ಲಿಗೆ ಬೆರ್ಸಿ. ಮಗೀಗೆ ಏಳ್ಬ್ಯಾಡಿ, ರುಚಿ ಸರಿಯಿಲ್ಲ ಅಂತ ಕುಡಿಯಾಕಿಲ್ಲ." ಟಾನಿಕ್ ಎಂದರೆ ಅವಳಿಗೆ ಗೊತ್ತಿದ್ದುದು ಒಂದೇ ಬಗೆ. ಹುಳಕ್ಕೆ ಹೇಳಿ ಹೊಡೆಯುವವರು ಯಾರು? ಅವತ್ತಿನಿಂದ ದಿನಾ ಒಂದು ಚಮಚ. ಮಗಳು ಲೋಟ ನೆಕ್ಕಿ ಇಡುತ್ತಿದ್ದಳು.

ನಾಳಿದ್ದು ಭಾನುವಾರ ಮೈಸೂರಿನಲ್ಲಿ ರಾಜ್ಯದ ತಂಡಕ್ಕೆ ಆಯ್ಕೆ. ತಾನು ಬಾಯಿ ಮುಚ್ಚಿಕೊಂಡಿದ್ದರೆ ಮಗಳು ಹೋಗಿ ಗೆದ್ದೂ ಬಂದಾಳು. ಟೆಸ್ಟು ಮಾಡದೆಯೂ ಇರಬಹುದು. ಹಾಗೆಂದುಕೊಳ್ಳುವಾಗಲೇ ಹನುಮಂತಮ್ಮ ಬೆರಳಿಗೆ ಮೆತ್ತಿದ್ದ ರಸವನ್ನು ಸೆರಗಿಗೆ ಒರೆಸಿದಳು. ಅದು ಹೋಗಲಿಲ್ಲ.

"ಚೌಡಿ, ನಿನ್ ಅಂಬ್ಲೀಲಿ..." ಎಂದು ತೊಡಗಿದವಳು ಪೂರ್ತಿ ಹೇಳಿಯೇ ನಿಲ್ಲಿಸಿದಳು.

ಚೌಡೇಶ್ವರಿ ಅಲ್ಲೇ ಸೊಪ್ಪಿನ ರಾಶಿಯ ಮೇಲೆ ಕೂತಳು.

"ಓದ್ ವಾರ ಸಾವನದುರ್ಗದ ದಿಬ್ಬದಲ್ಲಿ ಗಂಡೈಕ್ಳನ್ನೆಲ್ಲ ಇಂದಕ್ ಆಕಿ ಬಂದ್ನಲ್ಲ."

"ಊಂ ಕಣ್ ಮಗ."

"ದಿಬ್ಬ ಅತ್ತಿದ್ದು ನಾನಾ, ಆ ಪುಡೀನಾ?"

ಹನುಮಂತಮ್ಮ ಬಕೀಟನ್ನು ಪಕ್ಕಕ್ಕೆ ಸರಿಸಿದಳು. "ನೀನೇಯ ಮಗ. ನೀನೇ ಅತ್ತಿದ್ದು."

"ನಿಂಗೆಂಗೆ ಗೊತ್ತು?"

ಅಷ್ಟರಲ್ಲಿ ಮೊಬೈಲು ಗುಂಯ್‌ಗುಟ್ಟಿತು. ರೇಸು ಮರೆಯಾಗಿ ಕೋಚಿನ ಹೆಸರು ಬಂತು. ಚೌಡೇಶ್ವರಿ ಎದ್ದು ಸ್ಪೀಕರಿಗೆ ಹಾಕಿದಳು.

"ಏನಮ್ಮ ಚಾಂಪಿಯನ್ನು, ನಾಳೆ ಸಂಜೀಕೆ ಗಾಡಿ ತತ್ತೀನಿ, ರೆಡಿಯಾಗಿರು."

"ಬರಾಕಿಲ್ಲ ಸಾರ್. ಪುಡಿ ವಿಚಾರ ಅವ್ವ ಏಳುದ್ಲು."

ಆಚೆ ಕಡೆ ಎಲೆಯಡಿಕೆ ಅಗಿಯುವ ಪಚಪಚ ಸದ್ದು ಕೇಳಿತು. "ಅಯ್ಯೋ ಉಚ್ಚು ಉಡ್ಗಿ, ಟೀಮಿಗೋಗೋರೆಲ್ಲ ಕುಡಿಯೋದೇಯ. ಟೆಸ್ಟ್‌ನೋರೂ ನಮ್ಮೋರೇಯ. ನೀನೊಬ್ಳು ದೊಡ್ ಪತಿವ್ರತೆ ಬಂದ್ಬುಟ್ಟೆ!" ಎಂದು ಹ್ಹೆ ಹ್ಹೆ ಎಂದು ನಕ್ಕ. ಆ ನಗುವಿನ ಎಂಜಲು ತನ್ನ ಮುಖಕ್ಕೇ ಸಿಡಿದಂತಾಗಿ ಹನುಮಂತಮ್ಮ ಕೆನ್ನೆ ಒರೆಸಿಕೊಂಡಳು.

"ಕುಡಿಯೋರ್ನ ಕರ್ಕಂಡೋಗಿ ಸಾರ್," ಎಂದು ಮಗಳು ಫೋನಿಟ್ಟಳು. ಹಿತ್ತಲಿಗೆ ಓಡಿ ಗಂಟಲಿಗೆ ಬೆರಳು ಹಾಕಿಕೊಂಡಳು. ಬೆಳಿಗ್ಗೆ ಕುಡಿದದ್ದು ಈಗೆಲ್ಲಿ ಬಂದೀತು? ಬರೀ ಹಳದಿ ನೀರು ಬಂತು. ಬೆನ್ನು ನೀವಲು ಹೋದ ತಾಯಿಯ ಕೈಯನ್ನು ನೋಡದೆಯೇ ಸರಿಸಿದಳು.

ಭಾನುವಾರ ಬೆಳಕು ಹರಿಯುವಾಗ ಹನುಮಂತಮ್ಮ ಎದ್ದು ನೋಡಿದರೆ ಒಲೆ ಆಗಲೇ ಉರಿಯುತ್ತಿತ್ತು. ಮಗಳು ರೇಸಿನ ಬಟ್ಟೆ ತೊಟ್ಟು ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದಳು. ಸೈಕಲ್ಲು ಜಗುಲಿಗೆ ಒರಗಿತ್ತು.

"ಎಲ್ಲಿಗ್ ಮಗ?"

"ಸಾವನದುರ್ಗದ ದಿಬ್ಬಕ್ಕೆ. ನಾನೊಬ್ಳೇ ಅತ್ತಿ ನೋಡ್ತೀನಿ."

ಅವಳು ರಾಗಿ ಹಿಟ್ಟನ್ನು ತಣ್ಣೀರಿನಲ್ಲಿ ಕದಡದೆ ನೇರವಾಗಿ ಕುದಿಯುವ ನೀರಿಗೇ ಸುರಿದಿದ್ದಳು. ಚಮಚ ತಿರುಗಿದಂತೆಲ್ಲ ಹಿಟ್ಟು ಗಂಟುಗಂಟಾಗುತ್ತಿತ್ತು. ಹೊಸ್ತಿಲ ಬಳಿ ನಿಂತ ಹನುಮಂತಮ್ಮನ ಕೈ ತಾನಾಗಿಯೇ ಮುಂದೆ ಬಂತು. ಅದನ್ನು ಅವಳು ಸೆರಗಿನೊಳಗೆ ಎಳೆದುಕೊಂಡಳು. ಚೌಡೇಶ್ವರಿ ಅಂಬಲಿಯನ್ನು ಲೋಟಕ್ಕೆ ಬಗ್ಗಿಸಿ, ಬೆಳಕಿಗೆ ಹಿಡಿದು ನೋಡಿ, ಗಂಟುಗಳನ್ನು ಒಂದೊಂದಾಗಿ ಅಗಿಯುತ್ತ ನಿಧಾನವಾಗಿ ಕುಡಿದಳು.