ಅಗದಿ ಚಲೋ ಮಣೆ

ಒಣಮೆಣಸಿನಕಾಯಿಯ ತೊಟ್ಟು ಬಿಡಿಸುವ ಹೆಂಗಸರ ಸೊಂಟ ನೋಯದಂಥ ಒಂದು ಮಣೆಯನ್ನು ರೂಪಿಸುವುದೇ ಇರಮ್‌ಳ ಪಿಎಚ್‌ಡಿ. ಅದಕ್ಕೆಂದೇ ಅವಳು ತನ್ನೂರು ಮೊರಬದ ಓಣಿಗೆ ಮರಳಿ, ಮಣೆಗಳನ್ನು ಹಂಚಿ, ದಿನಾ ಎಲ್ಲರನ್ನೂ ಕೇಳುತ್ತಿದ್ದಳು. ಎಲ್ಲರದೂ ಒಂದೇ ಉತ್ತರ: "ಅಗದಿ ಚಲೋ ಐತವಾ."

ಆ ಉತ್ತರವೇ ಅವಳ ನಿದ್ದೆ ಕೆಡಿಸಿತ್ತು. ಕೂತಲ್ಲಿ ಕೂರಲಾರಳು, ನಿಂತಲ್ಲಿ ನಿಲ್ಲಲಾರಳು. ಟೇಪು ಹಿಡಿದು ಅಳೆದ ಮಣೆಯನ್ನೇ ಮತ್ತೆ ಅಳೆಯುವಳು. ಯಾವ ವಸ್ತುವೂ ಅಷ್ಟು ಚಲೋ ಇರುವುದಿಲ್ಲ. ಒಬ್ಬರಾದರೂ ಬೈಯಬಾರದೇ?

ಇವತ್ತು ಮರೆತುಬಂದ ಮೊಬೈಲಿಗಾಗಿ ತೊಟ್ಟು ಬಿಡಿಸುವ ಅಂಗಳಕ್ಕೆ ವಾಪಸು ಹೋದರೆ, ಹೆಂಗಸರೆಲ್ಲ ನೆಲದ ಮೇಲೆ ಕಾಲು ಚಾಚಿ ಕೂತಿದ್ದರು. ಮಣೆಗಳ ಮೇಲೆ ಮೆಣಸಿನಕಾಯಿ ಚೀಲಗಳು ಕೂತಿದ್ದವು.

ಅವರಲ್ಲಿ ಹಿರಿಯಳಾದ ಶಾರದವ್ವ ನಾಲಿಗೆ ಕಚ್ಚಿಕೊಂಡಳು. "ಸಿಟ್ಟಾಗಬ್ಯಾಡವಾ. ಅದರ ಮ್ಯಾಲ ಕುಂತ್ರ ಮೊಣಕಾಲು ಹಿಡಿದುಬಿಡ್ತಾವು. ಆದ್ರ ನಿಮ್ಮಮ್ಮ ಮನಿಮನಿಗೆ ಬಂದು, 'ಹುಡುಗಿ ಓದು ಕೆಡತೈತಿ, ಚಲೋ ಐತಿ ಅನ್ರಿ' ಅಂದಿದ್ಲು."

ಇರಮ್ ದಡದಡ ಮನೆಗೆ ನಡೆದಳು. ತಾಯಿ ಹಲೀಮಾಬಿ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು, ಮಗಳು ಮೊಟ್ಟಮೊದಲು ಮಾಡಿಕೊಟ್ಟ ಮಣೆಯ ಮೇಲೆ ಕೂತು. ಎರಡು ವರ್ಷದಿಂದ ಅಡುಗೆಮನೆಯಲ್ಲಿ ಅವಳು ಬೇರೆಲ್ಲೂ ಕೂತವಳಲ್ಲ. ಆ ಮಣೆಯನ್ನು ನಂಬಿಯೇ ಉಳಿದವೆಲ್ಲ ತಯಾರಾಗಿದ್ದವು.

ಬಾಯಿಗೆ ಬಂದ ಬೈಗುಳ ಅಲ್ಲೇ ನಿಂತಿತು. "ಅಮ್ಮಾ, ಖರೇ ಹೇಳು. ಈ ಮಣಿ ಹೆಂಗೈತಿ?"

"ಅಗದಿ ಚಲೋ ಐತಿ," ಎನ್ನುತ್ತ ಹಲೀಮಾಬಿ ಏಳಲು ಹೋದಳು. ಗೋಡೆ ಹಿಡಿದರೂ ಮೊಣಕಾಲು ಅವಳ ಮಾತು ಕೇಳಲಿಲ್ಲ.