ಸಾವಿನ ಮನೆಗೆ ಬಿಲ್ ಇಲ್ಲ

ಕೊಡಿಗೇಹಳ್ಳಿಯ ಲಾಲ್ ಸಾಬ್ ತಮ್ಮ ಶಾಮಿಯಾನ ಅಂಗಡಿಯನ್ನು ಮಾರಲು ಫೆಬ್ರವರಿ ಹನ್ನೆರಡರಂದು ಕರಾರಿಗೆ ಸಹಿ ಹಾಕಿದರು. ಕೊಳ್ಳುವವರು ಹೆಬ್ಬಾಳದ ಒಂದು ಈವೆಂಟ್ ಕಂಪನಿಯವರು. ಗೋದಾಮಿನ ಕಟ್ಟಡವನ್ನು ಅದರ ಮಾಲೀಕರು ಕೆಡವಲಿದ್ದರು. ಮಾರ್ಚ್ ಮೂವತ್ತೊಂದರೊಳಗೆ ಖಾಲಿ ಮಾಡಬೇಕಿತ್ತು. ಲಾಲ್ ಸಾಬ್ ಬೆಲೆಗಾಗಿ ಎಳೆದಾಡಲಿಲ್ಲ. ಅವರ ಹಟ ಒಂದೇ: ಸಾಮಾನಿನ ಜೊತೆ ನಾಲ್ವರು ಕೆಲಸಗಾರರನ್ನೂ ಕಂಪನಿ ತೆಗೆದುಕೊಳ್ಳಬೇಕು. ಅವರಲ್ಲಿ ಹಿರಿಯವನಾದ ನಾಸಿರ್‌ಗೆ ಐವತ್ತೆಂಟು ವರ್ಷ. ಇಪ್ಪತ್ತಾರು ವರ್ಷದಿಂದ ಕಂಬ ನೆಡುವುದು ಬಿಟ್ಟು ಬೇರೆ ಕೆಲಸ ಮಾಡಿದವನಲ್ಲ. ಕಂಪನಿ ಒಪ್ಪಿತು.

ಕರಾರಿನಲ್ಲಿ ಒಂದು ಷರತ್ತಿತ್ತು. ಹಸ್ತಾಂತರದವರೆಗೆ ಅಂಗಡಿ ‘ವ್ಯವಹಾರದ ಸಾಮಾನ್ಯ ಕ್ರಮ’ದಲ್ಲಿ ನಡೆಯಬೇಕು, ಅದರಾಚೆ ಒಂದು ಕುರ್ಚಿಯೂ ಹೊರಗೆ ಹೋಗಬಾರದು. ಬಿಲ್ ಇಲ್ಲದೆ ಸಾಮಾನು ಕೊಡುವ ರೂಢಿಯಿದ್ದರೆ ನಮೂದಿಸಿ ಎಂದು ಕೊನೆಯ ಪುಟದಲ್ಲಿ ಜಾಗ ಬಿಟ್ಟಿದ್ದರು.

ಮಗಳು ಆಯೇಷಾ ಪೆನ್ನು ಹಿಡಿದು ಕೇಳಿದಳು: “ಅಬ್ಬಾ, ಸಾವಿನ ಮನೆಗಳದ್ದು ಬರೀಲಾ?”

“ಅದನ್ನ ಯಾರಾದ್ರೂ ಬರೀತಾರೇನಮ್ಮಾ? ಏನೂ ಇಲ್ಲ ಅಂತ ಹಾಕು.”

ಸಾವಾದ ಮನೆಗೆ ಲಾಲ್ ಸಾಬ್ ಬಾಡಿಗೆಯಿಲ್ಲದೆ ಶಾಮಿಯಾನ, ಕುರ್ಚಿ ಕಳಿಸುತ್ತಿದ್ದರು. ಯಾರ ಮನೆ ಎಂದು ನೋಡುತ್ತಿರಲಿಲ್ಲ. ಸತ್ತವರ ಹೆಸರು ಬಾಡಿಗೆ ಪುಸ್ತಕದಲ್ಲಿ ಬರಬಾರದು ಎಂಬುದು ಅವರ ತಂದೆಯ ಕಾಲದ ನೇಮ.

ಮಾರ್ಚ್ ಒಂಬತ್ತರ ಭಾನುವಾರ ಬೆಳಿಗ್ಗೆ ಹಿಂದಿನ ಬೀದಿಯ ಮುನಿಆಂಜಿನಪ್ಪ ತೀರಿಕೊಂಡರು. ಎಂಬತ್ತು ಕುರ್ಚಿ, ಒಂದು ಶಾಮಿಯಾನ ಹೋದವು. ಹನ್ನೊಂದು ಗಂಟೆಗೆ ಕಂಪನಿಯ ಮ್ಯಾನೇಜರ್ ಮಹೇಂದ್ರ, ಹೇಳದೆ ಕೇಳದೆ, ಸಾಮಾನು ಎಣಿಸಲು ಬಂದ.

“ಎಲ್ಲಿ ಗುರು, ಎಂಬತ್ತು ಚೇರ್ ಕಮ್ಮಿ ಬರ್ತಿದೆ?”

“ಸಾವಿನ ಮನೇಗ್ ಹೋಗಿದೆ ಸಾರ್,” ಎಂದ ನಾಸಿರ್.

“ಬಿಲ್?”

“ಸತ್ತೋರ ಹತ್ರ ಸೈನ್ ಹಾಕಿಸ್ಕೊಂಡು ಬರ್ಲಾ ಸಾರ್?”

ಮಹೇಂದ್ರ ನಗಲಿಲ್ಲ. ಖಾಲಿ ಜಾಗದ ಫೋಟೊ ತೆಗೆದುಕೊಂಡ.

ಮೂರನೇ ದಿನ ಎಂಬತ್ತೂ ಕುರ್ಚಿ ವಾಪಸ್ ಬಂದವು. ನಾಲ್ಕನೇ ದಿನ ನೋಟಿಸ್ ಬಂತು: ಷರತ್ತು ಮುರಿದಿದ್ದರಿಂದ ಕರಾರು ರದ್ದು.

ಸಾವಿಗೆ ಬಿಲ್ ಇಲ್ಲದೆ ಕೊಡುವುದು ಅಂಗಡಿಯ ಹಳೆಯ ರೂಢಿ ಎಂದು ಆಯೇಷಾ ಮನೆಮನೆ ಅಲೆದು ಹನ್ನೊಂದು ಪತ್ರ ಬರೆಸಿ ತಂದಳು. ಮೊದಲನೆಯದು ಮುನಿಆಂಜಿನಪ್ಪನ ಹೆಂಡತಿ ಮುನಿನಾರಾಯಣಮ್ಮನದು. “ನಮ್ಮತ್ತೆ ಸತ್ತಾಗ್ಲೂ ಸಾಬ್ರು ಇಂಗೇ ಕಳ್ಸಿದ್ರು. ಅದ್ನೂ ಬರ್ಕೊಳವ್ವ,” ಎಂದು ಆಕೆ ಹೆಬ್ಬೆಟ್ಟು ಒತ್ತಿದ್ದರು.

ಹತ್ತೊಂಬತ್ತರಂದು ಅಪ್ಪ-ಮಗಳು ಹೆಬ್ಬಾಳದ ಕಚೇರಿಗೆ ಹೋದರು. ಕಂಪನಿಯ ವಕೀಲೆ ಅಕ್ಷಯಾ ಕಾಫಿ ತರಿಸಲು ಹೊರಟಳು. ರಂಜಾನಿನ ರೋಜಾ ಇದ್ದೇನೆಂದು ಲಾಲ್ ಸಾಬ್ ಬೇಡವೆಂದರು. ಅಕ್ಷಯಾ ಹನ್ನೊಂದೂ ಪತ್ರ ಓದಿದಳು.

“ಅಂಕಲ್, ನೀವು ಸುಳ್ಳು ಹೇಳ್ತಿದ್ದೀರಿ ಅಂತ ನಾನು ಅಂತಿಲ್ಲ. ನಿಮಗೆ ಇದು ಸಾಮಾನ್ಯ ಇರ್ಬಹುದು. ಆದ್ರೆ ಪುಕ್ಸಟ್ಟೆ ಕೊಡೋದು ವ್ಯವಹಾರ ಹೇಗಾಗುತ್ತೆ?”

“ಅದೇ ಕಣಮ್ಮಾ ನಮ್ಮ ವ್ಯವಹಾರ. ಸಾವಿಗೆ ಬಿಲ್ ಹಾಕಿದ್ರೆ ಆ ಮನೆಯೋರು ಮದ್ವೆಗೆ ನನ್ ಹತ್ರ ಯಾಕ್ ಬರ್ತಾರೆ? ಪುಸ್ತಕ ತೆಗೆದು ನೋಡು. ಈ ಹನ್ನೊಂದು ಮನೆ ಮದ್ವೆಗೂ ನಮ್ದೇ ಶಾಮಿಯಾನ.”

ಅಕ್ಷಯಾ ಕರಾರಿನ ಕೊನೆಯ ಪುಟ ತಿರುವಿ ಅವರ ಮುಂದಿಟ್ಟಳು. ಆಯೇಷಾಳ ಅಕ್ಷರ: ಏನೂ ಇಲ್ಲ.

“ಈ ಮಾತನ್ನ ಇಲ್ಲಿ ಒಂದು ಸಾಲು ಬರೆದಿದ್ರೆ ಸಾಕಾಗಿತ್ತು ಅಂಕಲ್. ನಾವು ಕೇಳಿದ್ವಿ. ನೀವು ಇಲ್ಲ ಅಂದ್ರಿ.”

“ಆ ನಾಲ್ಕು ಜನಾನಾದ್ರೂ ತಗೊಳ್ಳಿ.”

“ಡೀಲೇ ಇಲ್ಲ ಅಂದ್ಮೇಲೆ ಲೇಬರ್ ಯಾಕ್ ಸಾಬ್ರೇ?” ಎಂದ ಪಕ್ಕದಲ್ಲಿ ಕೂತಿದ್ದ ಮಹೇಂದ್ರ.

ಕೋರ್ಟಿಗೆ ಹೋಗಬಹುದಿತ್ತು. ಅದಕ್ಕೆ ವರ್ಷಗಳು ಬೇಕು. ಗೋದಾಮಿಗೆ ಉಳಿದಿದ್ದು ಹನ್ನೆರಡು ದಿನ.

ಇಪ್ಪತ್ತೊಂಬತ್ತರಂದು ನಾಗಸಂದ್ರದ ಗುಜರಿಯವರ ಲಾರಿ ಬಂತು. ನಾಲ್ವರೂ ಸೇರಿ ಪೈಪು, ಕುರ್ಚಿ ತುಂಬಿದರು. ಅಷ್ಟರಲ್ಲಿ ನಾಸಿರ್‌ನ ಫೋನ್ ಹೊಡೆದುಕೊಂಡಿತು. ಪುಟ್ಟೇನಹಳ್ಳಿಯಲ್ಲಿ ಯಾರದೋ ತಂದೆ ತೀರಿಕೊಂಡಿದ್ದರು, ಐವತ್ತು ಕುರ್ಚಿ ಬೇಕಿತ್ತು. ಅವನು ಲಾಲ್ ಸಾಬ್ ಮುಖ ನೋಡಿದ.

“ಇಲ್ಲ ಅಂತ ಹೇಳು.”

ನಾಸಿರ್ ಫೋನನ್ನು ಆಯೇಷಾಳ ಕೈಗೆ ಕೊಟ್ಟ. ಅವಳು ಹೆಬ್ಬಾಳದ ಕಂಪನಿಯ ನಂಬರ್ ಹೇಳಿದಳು.

“ಅವ್ರು ಬಿಲ್ ಹಾಕ್ತಾರಾ?” ಆ ಕಡೆಯಿಂದ ಕೇಳಿದರು.

“ಹಾಕ್ತಾರೆ.”

ನಾಸಿರ್ ಲಾರಿ ಹತ್ತಿ ಹಗ್ಗ ಬಿಗಿದು ಕೆಳಗಿಳಿದ. ಆಮೇಲೆ ಅವನಿಗೆ ಮಾಡಲು ಕೆಲಸವಿರಲಿಲ್ಲ.