ನಡೆಮಡಿ ಹಾಸಿದ ದಿನ

ನಮ್ಮ ಹಿತ್ತಿಲ ಹಗ್ಗದ ಮೇಲೆ ಬಿಳಿ ಬಟ್ಟೆ ಬಿಳಿಯಾಗಿಯೇ ಒಣಗಿದ್ದನ್ನು ನಾನು ಆ ಮನೆಗೆ ಸೊಸೆಯಾಗಿ ಬಂದು ಎಷ್ಟೋ ವರ್ಷವಾದರೂ ಕಂಡಿರಲಿಲ್ಲ. ಗೋಡೆಯಾಚೆ ಗುರುಶಾಂತಪ್ಪನ ಅಕ್ಕಿ ಗಿರಣಿ. ಅದರ ಮೋಟು ಚಿಮಣಿಯಿಂದ ಹೊಟ್ಟು ಸುಟ್ಟ ಮಸಿ ಉದುರುತ್ತಲೇ ಇರುತ್ತಿತ್ತು. ಊರವರ ಬಟ್ಟೆ ಒಗೆಯುವ ಮನೆ ನಮ್ಮದು. ಅವರದನ್ನೆಲ್ಲ ಹೊಳೆದಂಡೆಯಲ್ಲೇ ಒಣಗಿಸಿ ತರುತ್ತಿದ್ದೆವು.

ಅತ್ತೆ ಮಾಚವ್ವನ ಬೆರಳುಗಳು ಮೊದಲು ಊದಿಕೊಂಡವು, ಆಮೇಲೆ ಸೊಟ್ಟಗಾದವು. ಬೆಳಿಗ್ಗೆ ನಾನು ಬಿಸಿನೀರು ಹುಯ್ಯದ ಹೊರತು ಮುಷ್ಟಿ ಬಿಚ್ಚುತ್ತಿರಲಿಲ್ಲ. ಡಾಕ್ಟರು ಕೈ ಹಿಡಿದು ನೋಡಿ, "ಇದು ಸವೆತ ಅಲ್ಲಮ್ಮ. ಮೈಯೇ ತನ್ನ ಕೀಲನ್ನ ಕಡಿಯೋ ವಾತ. ವರ್ಷಗಟ್ಟಲೆ ಹೊಗೇಲಿ ಬದುಕಿದೋರಿಗೆ ಬರೋ ಸಂಭವ ಹೆಚ್ಚಿರಬಹುದು ಅಂತಾರೆ. ನಿಮಗೆ ಅದರಿಂದ್ಲೇ ಬಂತು ಅಂತ ಬರ್ಕೊಡಕ್ಕಾಗಲ್ಲ" ಅಂದರು.

ಅತ್ತೆ ನೆಟ್ಟಗೆ ಗಿರಣಿಗೇ ಹೋದಳು. ಚಿಮಣಿ ಎತ್ತರಿಸಿ ಎಂದು ಕೇಳಿದಳು. ಗುರುಶಾಂತಪ್ಪ ಎಲೆ ಅಡಿಕೆ ಮೆಲ್ಲುತ್ತ ನಕ್ಕ. "ಕೈ ನೋವಿಗೆ ಚಿಮಣಿ ಏನ್ ಮಾಡ್ತದೆ? ಸಾಕ್ಷಿ ಇದ್ರೆ ತಗಂಬಾ, ನೋಡೋಣ."

ಅತ್ತೆ ಮನೆ ಕಡೆ ತಿರುಗಿದಳು. ಜೊತೆಗೆ ಹೋಗಿದ್ದ ನನಗೋ ಮೈಯೆಲ್ಲ ಉರಿದುಹೋಗಿತ್ತು.

ಮುಂದಿನ ತಿಂಗಳು ಅವನ ಮಗಳ ಮದುವೆ. ನಡೆಮಡಿ ಹಾಸುವ ಕೆಲಸ ನಮ್ಮದೇ. ಮಾವನಾದವನು ಕಾಲು ತೊಳೆದ ಅಳಿಯನ ಕೈ ಹಿಡಿದು, ನಾವು ಹಾಸಿದ ಮಡಿಬಟ್ಟೆಯ ಮೇಲೆ ಬರಿಗಾಲಲ್ಲಿ ಚಪ್ಪರಕ್ಕೆ ಕರೆತರಬೇಕು. ಹಾಸಿದ ಮೇಲೆ ಅದನ್ನು ಎತ್ತುವಂತಿಲ್ಲ, ಬಿಟ್ಟು ಪಕ್ಕದಲ್ಲಿ ನಡೆಯುವಂತಿಲ್ಲ. ಅತ್ತೆ ಮರುದಿನವೇ ಅದನ್ನು ಒಗೆಸಿ ಹಿತ್ತಿಲ ಹಗ್ಗಕ್ಕೇ ಹಾಕಿಸಿದಳು.

"ಮಸಿ ಬೀಳ್ತದೆ ಅತ್ತೆ, ಹೊಳೆಗೆ ಒಯ್ತೀನಿ."

"ಇಲ್ಲೇ ಇರ್ಲಿ ಬಿಡು."

ದಿನಾ ಹೇಳಿದೆ, ದಿನಾ ಅದೇ ಉತ್ತರ. ಕೊನೆಗೆ ಇನ್ನೊಮ್ಮೆ ಒಗೆಸುತ್ತಾಳೆಂದು ಸುಮ್ಮನಾದೆ. ಮದುವೆಯ ಬೆಳಿಗ್ಗೆ ಅವಳೇ ಆ ಸೊಟ್ಟ ಬೆರಳಲ್ಲಿ ಬಟ್ಟೆಯನ್ನು ಸುತ್ತಿ ನನ್ನ ಕಂಕುಳಿಗೆ ಕೊಟ್ಟಳು. ಆಗ ನನಗೆ ಅರ್ಥವಾಯಿತು.

ಗುರುಶಾಂತಪ್ಪನ ಮನೆ ಬಾಗಿಲಲ್ಲಿ ಸುರುಳಿ ಬಿಚ್ಚಿದೆ. ಚಪ್ಪರದವರೆಗೂ ಕಪ್ಪೇ ಕಪ್ಪು. ಓಲಗ ನಿಂತಿತು. ಬೀಗರು, "ಏನಿದು, ಮಡಿ ಹೀಗಿದೆ?" ಎಂದು ಕೇಳಿದರು.

ಅತ್ತೆ ಮುಂದೆ ಬಂದಳು. "ಒಗೆದೇ ಹಾಕಿದ್ದು ಸ್ವಾಮಿ. ಇವರ ಚಿಮಣಿ ಕೆಳಗೆ, ನಮ್ಮ ಹಿತ್ತಿಲಲ್ಲಿ ಒಂದು ತಿಂಗಳು ಇತ್ತು. ನಾವು ಇಪ್ಪತ್ತೆರಡು ವರ್ಷದಿಂದ ಅಲ್ಲೇ ಇದೀವಿ." ಆಮೇಲೆ ಗುರುಶಾಂತಪ್ಪನ ಕಡೆ ತಿರುಗಿ, ಪೂರ್ತಿ ಬಿಚ್ಚದ ಎರಡೂ ಮುಷ್ಟಿ ಎತ್ತಿ ತೋರಿಸಿದಳು. "ಸಾಕ್ಷಿ ತಂದೀನಿ. ನಡೀರಿ."

ಅವನು ನಡೆದ. ತಲೆ ಎತ್ತದೆ, ಅಳಿಯನ ಕೈ ಹಿಡಿದು ನಡೆದ. ಒದ್ದೆ ಕಾಲುಗಳ ಕರಿ ಹೆಜ್ಜೆ ಹಸೆಮಣೆಯವರೆಗೂ ಮೂಡಿತು. ಮದುಮಗಳು ಅಳುತ್ತಿದ್ದಳು. ಆ ಹುಡುಗಿಗಾಗಿ ಇಂದು ನನಗೆ ಸಂಕಟವಾಗುತ್ತದೆ. ಅಂದು ಒಂದಿಷ್ಟೂ ಆಗಲಿಲ್ಲ, ಹೊಟ್ಟೆ ತಣ್ಣಗಾಗಿತ್ತು.

ಮಳೆಗಾಲಕ್ಕೆ ಮೊದಲೇ ಚಿಮಣಿ ಎತ್ತರವಾಯಿತು. ಹಗ್ಗದ ಮೇಲೆ ಬಟ್ಟೆ ಬಿಳಿಯಾಗಿಯೇ ಒಣಗತೊಡಗಿತು. ಅತ್ತೆಯ ಬೆರಳು ಮಾತ್ರ ನೆಟ್ಟಗಾಗಲಿಲ್ಲ.

ಆ ನಡೆಮಡಿಯನ್ನು ಒಗೆಯಲು ಹೊರಟೆ. ಅವಳು ಬಿಡಲಿಲ್ಲ.

"ಇರ್ಲಿ. ಅವನಿಗೆ ಮೊಮ್ಮಕ್ಕಳಾಗ್ತಾರೆ, ಮದುವೆ ಬರ್ತವೆ" ಎಂದು, ಹೆಜ್ಜೆ ಮೂಡಿದ ಬಟ್ಟೆಯನ್ನು ಟ್ರಂಕಿನ ತಳಕ್ಕೆ ಒತ್ತಿದಳು. ಚಿಲಕ ಹಾಕಲು ಅವಳ ಬೆರಳಿಗೆ ಆಗಲಿಲ್ಲ. ನಾನು ಹಾಕಿದೆ.